ಆರು ಮಣೆ

ಕೆರಿಯಮ್ಮನಿಗೆ ಕೂರುವುದು ಕಷ್ಟವಿರಲಿಲ್ಲ, ಏಳುವುದು ಕಷ್ಟವಾಗಿತ್ತು. ೧೯೬೩ರ ಬೇಸಿಗೆಯಲ್ಲಿ, ನೆಂಟರ ಮದುವೆಗೆ ಹಸೆ ಚಿತ್ತಾರ ಬರೆಯುತ್ತ ಕೆಮ್ಮಣ್ಣು ಬಳಿದ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತವಳು, ಏಳಲಾರದೆ ಗೋಡೆಗೆ ಕೈಯೂರಿದ್ದಳು. ಅಕ್ಕಿಹಿಟ್ಟಿನ ಬಿಳಿ ಗೆರೆಗಳಿನ್ನೂ ಹಸಿ. ಅಂಗೈಯಗಲ ಚಿತ್ತಾರ ಕದಡಿಹೋಯಿತು. ಕೊನೆಗೆ ಇಬ್ಬರು ಹೆಂಗಸರು ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು. ಅಂದಿನಿಂದ ಅವಳು ಯಾರ ಮನೆಯ ಹಸೆಗೋಡೆಯನ್ನೂ ಮುಟ್ಟಿರಲಿಲ್ಲ.

ಮರುವರ್ಷದ ವೈಶಾಖಕ್ಕೆ ಮೊಮ್ಮಗಳು ಮಹಾಲಕ್ಷ್ಮಿಯ ಮದುವೆ ನಿಶ್ಚಯವಾಯಿತು. ಹಸೆ ಅಜ್ಜಿಯೇ ಬರೆಯಬೇಕೆಂದು ಹುಡುಗಿಯ ಹಟ. ಕೆರಿಯಮ್ಮನಿಗೆ ಐವತ್ತೆಂಟು ತುಂಬಿತ್ತು. ಮದುವೆಗೆ ಮೂರು ತಿಂಗಳಿತ್ತು.

ಅವಳ ತಮ್ಮ ಜಟ್ಟಪ್ಪ ಹರೆಯದಲ್ಲಿ ಸಾಗರದ ಗರಡಿಯಲ್ಲಿ ಕುಸ್ತಿ ಕಲಿತವನು.

“ಮಂಡಿಗೆ ಮದ್ದು ಅಂದ್ರೆ ಬಸ್ಕಿ ಕಣಕ್ಕ,” ಎಂದ.

“ಬಸ್ಕಿ ಹೊಡಿಯಾಕೆ ನಾನೇನು ಮಗ್ಗಿ ಮರ್ತೀನಾ?”

“ಮೊದ್ಲು ಹೊಡಿ, ಆಮೇಲೆ ನಗು.”

ಗರಡಿಯಲ್ಲಿ ಕಲಿತಂತೆಯೇ ಕಲಿಸಿದ: ಹಿಮ್ಮಡಿ ಎತ್ತಿ, ತುದಿಗಾಲ ಮೇಲೆ, ಪೂರ್ತಿ ಕೆಳಗಿನವರೆಗೆ, ಬೇಗಬೇಗ. ಕೆರಿಯಮ್ಮ ಹನ್ನೆರಡು ಹೊಡೆದಳು. ಮಾರನೆಯ ದಿನ ಬಲಮಂಡಿ ಊದಿ ತೆಂಗಿನಕಾಯಿಯಾಗಿತ್ತು.

ಊತ ಇಳಿದ ಮೇಲೆ ಇಬ್ಬರೂ ಬಸ್ಸು ಹತ್ತಿ ಸಾಗರದ ಡಾಕ್ಟರ ಬಳಿ ಹೋದರು. ಅವರು ಮಂಡಿಯನ್ನು ಮಡಿಸಿ, ಬಿಡಿಸಿ, ಚಿಪ್ಪಿನ ಸುತ್ತ ಒತ್ತಿ ನೋಡಿದರು.

“ಕೀಲು ಸ್ವಲ್ಪ ಸವೆದಿದೆ. ಅದಕ್ಕಿಂತ ಹೆಚ್ಚಾಗಿ ತೊಡೆ ಸೋತಿದೆ. ಬಸ್ಕಿ ತಪ್ಪಲ್ಲಮ್ಮ, ಹೊಡೆದ ಕ್ರಮ ತಪ್ಪು. ಎಲ್ಲಿ, ಈ ಕುರ್ಚಿ ಮೇಲೆ ಕೂತು ಏಳಿ ನೋಡೋಣ.”

ಕೆರಿಯಮ್ಮ ಕಾಲು ನೆಟ್ಟಗಿಟ್ಟುಕೊಂಡು ಸೊಂಟದಿಂದ ಬಾಗಿದಳು.

“ಸಸಿ ನೆಡ್ತಾ ಇದೀರಾ?” ಎಂದು ಡಾಕ್ಟರು ನಕ್ಕರು.

ನಲವತ್ತು ಮಳೆಗಾಲ ನಾಟಿ ಮಾಡಿದ ಮೈಗೆ ಬಾಗುವುದೆಂದರೆ ಅದೊಂದೇ ಬಗೆ. ಹಿಮ್ಮಡಿ ನೆಲಕ್ಕೊತ್ತಿ, ಸೊಂಟವನ್ನು ಹಿಂದಕ್ಕೆ ಕಳಿಸಿ, ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳುಗಳ ದಿಕ್ಕಿಗೇ ಇರುವಂತೆ ಮೆಲ್ಲಗೆ ಕೂರಬೇಕೆಂದು ಅವರು ತೋರಿಸಿದರು. ದಿನ ಬಿಟ್ಟು ದಿನ, ಎಂಟು ಸಲ. ತೊಡೆ ದಣಿದರೆ ಚಿಂತೆಯಿಲ್ಲ. ಮಂಡಿ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು, ಊದಿದರೆ ಮತ್ತೆ ಬಂದು ತೋರಿಸಬೇಕು.

ಮನೆಯಲ್ಲಿ ಕುರ್ಚಿಯಿರಲಿಲ್ಲ. ಜಟ್ಟಪ್ಪ ಊಟಕ್ಕೆ ಕೂರುವ ಮಣೆಗಳನ್ನು ಗೋಡೆಗೆ ಒತ್ತಿ ಪೇರಿಸಿ, ಜಾರದಂತೆ ಹಗ್ಗ ಬಿಗಿದ. ಆರು ಮಣೆಗೆ ಕುರ್ಚಿಯ ಎತ್ತರ ಬಂತು. ಕೆರಿಯಮ್ಮ ಪಕ್ಕದ ಕಿಟಕಿಯ ಸರಳು ಹಿಡಿದು ಕೂತಳು, ಎದ್ದಳು. ಎರಡು ವಾರಕ್ಕೆ ಒಂದು ಮಣೆ ಕಡಿಮೆ ಮಾಡುವುದೆಂದಾಯಿತು.

ನಾಲ್ಕಕ್ಕೆ ಇಳಿದ ದಿನ ಮಂಡಿ ಚುಚ್ಚಿತು.

“ತೆಗ್ದಿದ್ದು ವಾಪಸ್ ಹಾಕು,” ಎಂದಳು.

“ಸೋತ್ಯಾ ಅಕ್ಕಾ?”

“ಊದಿಸ್ಕಂಡಿದ್ದು ನಾನು, ನೀನಲ್ಲ. ಹಾಕು ಅಂದ್ರೆ ಹಾಕು.”

ಅವನು ಹಾಕಿದ. ಮುಂದಿನ ವಾರ ನಾಲ್ಕು ಸಲೀಸಾಯಿತು. ಮದುವೆಯ ವಾರಕ್ಕೆ ಅವಳು ಎರಡು ಮಣೆಯ ಮೇಲಿಂದ ಸರಳು ಹಿಡಿಯದೆ ಏಳುತ್ತಿದ್ದಳು. ನೆಲ ಇನ್ನೂ ದೂರವೇ ಇತ್ತು, ಆದರೆ ಅಲ್ಲಿಂದ ಗೋಡೆಯ ಬುಡಕ್ಕೆ ಕೈ ಎಟುಕುತ್ತಿತ್ತು.

ಪುಂಡಿನಾರಿನ ಕುಂಚ ಹಿಡಿದು ಮೇಲಿನ ಭಾಗವನ್ನು ನಿಂತೇ ಬರೆದಳು. ಬುಡದ ಅಂಚಿಗೆ ಮಣೆಯ ಮೇಲೆ ಕೂತು ಕೈಯಳತೆಯಷ್ಟು ಬರೆದು, ತಾನೇ ಎದ್ದು, ಮಣೆ ಸರಿಸಿ, ಮತ್ತೆ ಕೂರುವಳು. ಹೀಗೆ ಐದು ಸಲ ನಡೆಯಿತು. ಐದನೆಯ ಸಲ ಏಳುವಾಗ ಬಲಮಂಡಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಇನ್ನೊಂದು ಮೊಳ ಉಳಿದಿತ್ತು.

“ಕೂತ್ಕ, ನಾ ಎತ್ತೀನಿ. ಮುಗಿಸ್ಬಿಡು. ಸಂಜೆಗೆ ಗಂಡಿನ ಕಡೆಯೋರು ಬತ್ತಾರೆ,” ಎಂದ ಜಟ್ಟಪ್ಪ.

“ಬರ್ಲಿ. ಮುಗೀದೇ ಇರೋ ಹಸೆ ನೋಡ್ತಾರೆ.”

ಕುಂಚ ತೊಳೆದಿಟ್ಟಳು. ನೆಂಟರು ಬಂದರು, ಬರಿಯ ಕೆಂಪುಗೋಡೆಯ ಆ ತುಂಡನ್ನು ನೋಡಿದರು. ಒಂದಿಬ್ಬರು ಏನೋ ಪಿಸುಗುಟ್ಟಿದರು. ಕೆರಿಯಮ್ಮ ಎಲೆ-ಅಡಿಕೆ ಕೊಟ್ಟು ಮಾತಾಡಿಸಿದಳು.

ಬೆಳಿಗ್ಗೆ ಮಂಡಿ ಊದಿರಲಿಲ್ಲ. ಮೂರು ಮಣೆ ಹಾಕಿಸಿಕೊಂಡು ಕೂತು, ಕೈ ಚಾಚಿ ಕೊನೆಯ ಗೆರೆ ಎಳೆದಳು. ಹಿಮ್ಮಡಿ ಒತ್ತಿ, ಗೋಡೆ ಮುಟ್ಟದೆ, ಯಾರ ಕೈಯೂ ಹಿಡಿಯದೆ ಎದ್ದು ನಿಂತಳು.

ಮಹಾಲಕ್ಷ್ಮಿ ತಲೆ ಓರೆಮಾಡಿ ನೋಡಿದಳು. “ಅಜ್ಜೀ, ಈ ತುದೀಲಿ ಚೂರು ಸೊಟ್ಟ ಬಂದೈತಲ್ಲೇ?”

“ನಿನ್ನ ಗಂಡಿನ ಮೂಗೂ ಸೊಟ್ಟನೇ. ಒಪ್ಕಂಡಿಲ್ವಾ?”