ಕೆಂಪು ಹತ್ತಿದ ಎರಡು ಕಾಗದ

ನಾಲ್ಕು ತಿಂಗಳು ಬೀಗ ಬಿದ್ದಿದ್ದ ಬಣ್ಣದ ಕಾರ್ಖಾನೆ ಮತದಾನಕ್ಕೆ ಹತ್ತು ದಿನವಿದೆ ಎನ್ನುವಾಗ ತೆರೆಯಿತು. ತೆರೆಸಿದವರು ಯಜಮಾನರು ಎಂದು ಗೋಡೆ ಗೋಡೆಯ ಮೇಲೂ ಬರೆದಿತ್ತು. ದೇಶ ಆಳುವವರನ್ನು ಜನ ಕರೆಯುತ್ತಿದ್ದುದೇ ಹಾಗೆ. ಹೆಸರು ಹಿಡಿದು ಹೇಳುವ ಎದೆ ಯಾರಿಗೂ ಇರಲಿಲ್ಲ. ಈ ಸಲ ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಇನ್ನು ಮೇಲೆ ಚುನಾವಣೆಯ ಗೋಜೇ ಇಲ್ಲದೆ ಯಜಮಾನರೇ ಆಳಲಿ: ಬೇಕೋ, ಬೇಡವೋ?

ಕಾರ್ಖಾನೆಯಲ್ಲಿ ಮೊದಲು ಹೊತ್ತಿಸಿದ್ದು ಕೆಂಪು ಬಣ್ಣದ ತೊಟ್ಟಿಯ ಒಲೆ ಒಂದನ್ನೇ. ಕುದಿಯುವ ಬಣ್ಣದಲ್ಲಿ ನೂಲಿನ ಲಡಿಗಳನ್ನು ಅದ್ದಿ ಕೋಲಿನಿಂದ ತಿರುವಲು ಇಬ್ಬರೇ ಹೆಂಗಸರು. ಒಬ್ಬಳು ಕೆಂಪಕ್ಕ. ಮೊಣಕೈವರೆಗೂ ಬಣ್ಣ ಹತ್ತಿದ್ದಕ್ಕೆ ಓಣಿಯವರು ಇಟ್ಟ ಹೆಸರದು. ಇನ್ನೊಬ್ಬಳು ಅವಳಿಗೆ ಈ ಕೆಲಸ ಕಲಿಸಿದ ಮುದುಕಿ, ಎಲ್ಲರ ಪಾಲಿಗೂ ದೊಡ್ಡಮ್ಮ.

"ಯಜಮಾನ ಒಲೆ ಹೊತ್ತಿಸಿಕೊಟ್ಟಿದ್ದಾನೆ, ಬೇಕು ಅಂತ ಒತ್ತಿ ಬಾ," ಎನ್ನುತ್ತಿದ್ದಳು ದೊಡ್ಡಮ್ಮ. "ಅದೇನೋ ಹಕ್ಕು ಹಕ್ಕು ಅಂತೀಯಲ್ಲ, ಮಕ್ಕಳ ತಟ್ಟೆಗೆ ಅದನ್ನೇ ಬಡಿಸ್ತೀಯೇನೇ?"

"ಪಕ್ಕದ ಮನೆ ಮೇಷ್ಟ್ರನ್ನ ಯಜಮಾನರ ಕಡೆಯವರು ಕರ್ಕೊಂಡು ಹೋಗಿ ಇಪ್ಪತ್ತು ದಿನ ಆಯ್ತು, ದೊಡ್ಡಮ್ಮ."

"ಮೇಷ್ಟ್ರ ಬಾಯಿ ಸುಮ್ಮನಿರಲಿಲ್ಲ. ನಿನ್ನ ಬಾಯಿಗಾದರೂ ಬೀಗ ಹಾಕು, ತಾಯಿ."

ಮುದುಕಿಯ ಮಾತು ಸುಳ್ಳಲ್ಲ ಎಂಬುದು ಕೆಂಪಕ್ಕನಿಗೂ ಗೊತ್ತಿತ್ತು. ಗಂಡನ ಮಗ್ಗ ನಿಂತು ವರ್ಷವಾಗಿತ್ತು. ಒಂದು ಹೊತ್ತು ಉಂಡು ಒಂದು ಹೊತ್ತು ನೀರು ಕುಡಿದು ಮಲಗಿದ ಇಬ್ಬರು ಹೆಣ್ಣುಮಕ್ಕಳು ಈಗಷ್ಟೇ ಕೆನ್ನೆ ತುಂಬಿಕೊಳ್ಳುತ್ತಿದ್ದರು. ಬೇಕು ಅಂತಲೇ ಒತ್ತುವುದೆಂದು ದೇವರ ಮುಂದೆ ದೀಪ ಹಚ್ಚಿಯೇ ಅವಳು ಮನೆಯಿಂದ ಹೊರಟಿದ್ದು.

ಆದರೆ ಮತಗಟ್ಟೆಯ ಮರೆಯಲ್ಲಿ ನಿಂತಾಗ ನೆನಪಾದದ್ದು ಮೇಷ್ಟ್ರ ಕನ್ನಡಕ. ಅದನ್ನು ಬಿಟ್ಟು ಹೋಗಿದ್ದಾರೆಂದು ಅವರ ಹೆಂಡತಿ ಕಚೇರಿ ಕಚೇರಿ ತಿರುಗಿ, ಅಂಥವರು ನಮ್ಮಲ್ಲಿಲ್ಲ ಅನ್ನಿಸಿಕೊಂಡು, ಅದನ್ನು ಸೆರಗಿನಲ್ಲಿ ಸುತ್ತಿಕೊಂಡೇ ವಾಪಸ್ಸು ಬಂದಿದ್ದರು. ಇವತ್ತು ಬೇಕು ಅಂದರೆ, ನಾಳೆ ಬೇಡ ಅನ್ನುವುದಕ್ಕೆ ಇಂಥದೊಂದು ಕಾಗದವಾದರೂ ಎಲ್ಲಿರುತ್ತದೆ? ಪರಮಾತ್ಮಾ ಎಂದುಕೊಂಡು ಕೆಂಪಕ್ಕ 'ಬೇಡ'ದ ಮೇಲೆ ಮುದ್ರೆ ಒತ್ತಿಬಿಟ್ಟಳು.

ಮಡಿಸುವಾಗ ನೋಡುತ್ತಾಳೆ. ಬೆಳಿಗ್ಗೆ ಉಜ್ಜಿ ಉಜ್ಜಿ ತೊಳೆದ ಕೈ; ಆದರೂ ಭಯದ ಬೆವರಿಗೆ ಬಣ್ಣ ಬಿಟ್ಟುಕೊಂಡು, ಕಾಗದದ ಅಂಚಿನಲ್ಲಿ ಹೆಬ್ಬೆರಳು ಕೆಂಪಗೆ ಮೂಡಿತ್ತು. ಊರಿನಲ್ಲಿ ಅಂಥ ಬೆರಳಿದ್ದದ್ದು ಇಬ್ಬರಿಗೇ. ಇನ್ನೊಂದು ಕಾಗದ ಕೊಡಿ ಅನ್ನಲು ಬಾಯಿ ಬರಲಿಲ್ಲ. ಪೆಟ್ಟಿಗೆಗೆ ಹಾಕಿ ಬಂದಳು.

ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಮೇಸ್ತ್ರಿ ತೊಟ್ಟಿಯ ಕೋಣೆಗೆ ಬಂದು ಬಾಗಿಲು ಮುಚ್ಚಿದ. ರಾತ್ರಿ ಮತ ಎಣಿಸಲು ಹೋದವರಲ್ಲಿ ಅವನೂ ಒಬ್ಬ. ಜೇಬಿನಿಂದ ಎರಡು ಕಾಗದ ತೆಗೆದು ಕಟ್ಟೆಯ ಮೇಲೆ ಹರಡಿದ. ಎರಡರ ಅಂಚೂ ಕೆಂಪು. ಒಂದರಲ್ಲಿ ಬೇಕು, ಒಂದರಲ್ಲಿ ಬೇಡ.

"ಯಾವುದು ಯಾರದು ಹೇಳಿಬಿಡಿ," ಎಂದ. "ಬೇಕು ಅಂದವರು ಕೋಲು ಹಿಡಿದು ಕೆಲಸ ಮಾಡ್ಲಿ. ಇನ್ನೊಬ್ಬರನ್ನ ನೋಡೋಕೆ ಪಟ್ಟಣದಿಂದ ಬರ್ತಾರೆ."

ದೊಡ್ಡಮ್ಮ ಒಂದು ಬೆರಳು ಚಾಚಿದರೆ ಸಾಕಿತ್ತು. ತಾನೇ ಮೊದಲು 'ಬೇಕು' ನನ್ನದು ಅಂದುಬಿಡಲೇ? ನಾಲಿಗೆಯ ತುದಿಯವರೆಗೂ ಬಂದ ಆ ಮಾತಿಗೆ ಅವಳೇ ಹೇಸಿದಳು. ಹೇಸಿಗೆಗಿಂತ ಭಯವೇ ದೊಡ್ಡದಾಗಿತ್ತು.

"ಕಣ್ಣು ಮಂಜು ಕಣಪ್ಪ, ಇಲ್ಲಿ ಕೊಡು," ಎಂದಳು ದೊಡ್ಡಮ್ಮ. ಎರಡೂ ಕಾಗದಗಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಆಮೇಲೆ ಕುದಿಯುವ ತೊಟ್ಟಿಗೆ ಹಾಕಿ, ಕೋಲಿನಿಂದ ಅದುಮಿ ಎರಡು ಸುತ್ತು ತಿರುವಿದಳು.

"ಏಯ್ ಮುದುಕಿ! ಏನ್ ಮಾಡಿದೆ?"

"ಎಣಿಸಿದ ಕಾಗದಗಳಿಗೆ ಸೀಲು ಹಾಕೋಕೆ ಮುಂಚೆ ಇನ್ನೊಂದು ಸಲ ಎಣಿಸ್ತಾರಂತಲ್ಲ? ಎರಡು ಕಮ್ಮಿ ಬಿದ್ದರೆ ಯಾರನ್ನ ಕೇಳ್ತಾರೆ, ಮೇಸ್ತ್ರಿ? ನಮ್ಮನ್ನೋ, ಜೇಬಲ್ಲಿ ಇಟ್ಕೊಂಡು ಬಂದವರನ್ನೋ?"

ಮೇಸ್ತ್ರಿ ಬಾಗಿಲ ಕಡೆ ತಿರುಗಿ ನೋಡಿದ. ಅವನನ್ನೂ ಕರೆದು ಕೇಳುವವರು ಮೇಲಿದ್ದರು. ಕೋಲು ಕಸಿದುಕೊಂಡು ಕೆದಕಿದ. ಕೋಲಿಗೆ ಹತ್ತಿದ್ದು ಕಾಗದದ ಮುದ್ದೆ. ಕೋಲನ್ನು ಅಲ್ಲೇ ಎಸೆದು ಬಿರಬಿರನೆ ಹೊರಟುಹೋದ.

ಕೆಂಪಕ್ಕ ಮುದುಕಿಯ ಕಡೆ ತಿರುಗಿದಳು. "ನಿನಗೂ ಬೇಡವಾಗಿತ್ತಾ, ದೊಡ್ಡಮ್ಮ?"

"ನಾನು ಒತ್ತಿದ್ದು ಬೇಕು ಅಂತಲೇ. ಹಸಿವಿಗೆ ಹೊಟ್ಟೆ ಸುಟ್ಟುಕೊಂಡವಳು ನಾನು." ಮುದುಕಿ ಬಿದ್ದಿದ್ದ ಕೋಲನ್ನು ಮತ್ತೆ ಕೈಗೆತ್ತಿಕೊಂಡಳು. "ಆದ್ರೆ ಆ ಪೆಟ್ಟಿಗೆಗೆ ಬೀಗ ಹಾಕಿದ್ದನ್ನ ಈ ಕಣ್ಣಲ್ಲೇ ನೋಡಿದ್ದೆ ಕಣೇ. ನನ್ನ ಕಾಗದಕ್ಕೆ ಅವನ ಜೇಬಲ್ಲಿ ಏನು ಕೆಲಸ?"

ಅಷ್ಟರಲ್ಲಿ ಗೇಟಿನ ಹತ್ತಿರ ಗಾಡಿಯೊಂದು ಬಂದು ನಿಂತ ಸದ್ದಾಯಿತು. ನೂಲು ತಂದ ಲಾರಿಯೋ ಬೇರೆಯದೋ ತಿಳಿಯಲಿಲ್ಲ. ಕೆಂಪಕ್ಕ ಮುದುಕಿಯನ್ನು ಬಾಗಿಲಿಗೆ ಕಾಣದಂತೆ ತನ್ನ ಬೆನ್ನ ಹಿಂದೆ ಸರಿಸಿ ನಿಂತಳು. ಹೆಜ್ಜೆಗಳು ಅಂಗಳ ದಾಟುತ್ತಿದ್ದವು. ಒಬ್ಬರದಲ್ಲ, ಮೂರು ನಾಲ್ಕು ಜನರದು.