ಅತ್ತೆ ಎಣಿಸಿದ ಸುತ್ತುಗಳು

ಗಂಡನ ಹೆಸರು ಹೇಳಬಾರದು ಎಂದು ನಮ್ಮಲ್ಲಿ ಒಂದು ಪದ್ಧತಿ. ಆದರೆ ಶಿಕಾರಿಪುರದ ಪೇಟೆ ಬೀದಿಯಲ್ಲಿ 'ಕುತುಬುದ್ದೀನ್ ರೇಡಿಯೋ ರಿಪೇರಿ ಮತ್ತು ಮೈಕ್ ಸೆಟ್' ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಹಾಕಿಕೊಂಡವರ ಹೆಸರನ್ನು ನಾನೊಬ್ಬಳು ಮುಚ್ಚಿಟ್ಟು ಏನು ಪ್ರಯೋಜನ? ನನ್ನ ಹೆಸರು ಶಹಜಹಾನ್ ಬೇಗಂ. ಆ ಹೆಸರಿಗೆ ಒಂದು ಅರಮನೆ ಬೇಕು. ಇದ್ದದ್ದು ಅಂಗಡಿಯ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ನನ್ನ ಅತ್ತೆ ಇಮಾಂಬೀ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಆ ಎರಡು ಕೋಣೆಗೆ ಒಂದು ಆಂಪ್ಲಿಫೈಯರ್ ಬಂತು. ಸೊರಬದ ಸದಾಶಿವಪ್ಪನವರು ಟೂರಿಂಗ್ ಟಾಕೀಸ್ ನಡೆಸುತ್ತಿದ್ದ ಕಾಲದಲ್ಲಿ ಮದ್ರಾಸಿನ ಹರಾಜಿನಲ್ಲಿ ಕೊಂಡದ್ದಂತೆ. ಯಾವನೋ ಇಂಗ್ಲಿಷ್ ದೊರೆ ತನ್ನ ಹಜಾರದಲ್ಲಿ ಕೂತು ಪಿಟೀಲು ಕೇಳಲಿಕ್ಕೆ ವಿಲಾಯತಿಯಿಂದ ತರಿಸಿದ್ದನ್ನು ಸದಾಶಿವಪ್ಪನವರು ಟೆಂಟಿನ ಜನಕ್ಕೆ ಕತ್ತಿ ಕಾಳಗ ಕೇಳಿಸಲು ಹಚ್ಚಿದರು. ಒಂದು ದಿನ ಸುಟ್ಟ ವಾಸನೆ ಬಂದು ಅದು ಮೂಕವಾಯಿತು. ಆಮೇಲೆ ಟೆಂಟನ್ನೂ ಎತ್ತಿದರು, ಪೆಟ್ಟಿಗೆ ಅಟ್ಟ ಸೇರಿತು. ನಮ್ಮವರು ಅಲ್ಲಿಗೆ ರೇಡಿಯೋ ರಿಪೇರಿಗೆ ಹೋದವರು ಅದನ್ನು ನೋಡಿ ಮನೆಗೆ ಬರುವುದನ್ನೇ ಮರೆತರು.

"ಒಯ್ಯಿ ಮಾರಾಯ," ಅಂದರಂತೆ ಸದಾಶಿವಪ್ಪ. "ರಿಪೇರಿ ಮಾಡಿ ಒಂದ್ಸಲ ನಂಗೆ ಕೇಳಿಸು. ಆಮೇಲೆ ಅದು ನಿಂದೇ. ಆಗ್ಲಿಲ್ಲ ಅಂದ್ರೆ ವಾಪಸ್ ತಂದಿಡು, ಗುಜರಿಯವನು ಕೇಳ್ತಾ ಇದಾನೆ."

ಒರಳು ಕಲ್ಲಿನಷ್ಟು ಭಾರದ ಆ ಪೆಟ್ಟಿಗೆಯನ್ನು ಇವರು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ನಮ್ಮ ಮದುವೆಯಾದ ವರ್ಷ ಇದೇ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಕೊಡಲು ಮರೆತವರು ಇವರು. ಮೇಲುಗಡೆ ನಾಲ್ಕು ದೊಡ್ಡ ವಾಲ್ವುಗಳು, ಚಿಮಣಿ ಬುರುಡೆಯ ಹಾಗೆ. ಆಗಲೇ ಎಲ್ಲ ಕಡೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬರುತ್ತಿದ್ದವು. ಹಗುರ, ಒತ್ತಿದ ಕೂಡಲೇ ಕೂಗುತ್ತವೆ. ಈ ಹಳೆಯದು ಕಾದು ಕೆಂಪಾಗಿ, ಆಮೇಲೆ ಬಾಯಿ ಬಿಡುವಂಥದ್ದು. ಇದ್ಯಾಕೆ ಬೇಕಿತ್ತು ಎಂದು ಕೇಳಿದರೆ, "ಇದ್ರ ದನಿಗೆ ಮೈ ಐತೆ. ಹಾಡೋರು ಎದುರಿಗೇ ಕೂತಂಗೆ ಕೇಳ್ತದೆ," ಅಂದರು. ಮೂಕ ಪೆಟ್ಟಿಗೆಯ ದನಿಯನ್ನು ಇವರು ಎಲ್ಲಿ ಕೇಳಿದರೋ!

ವಾಲ್ವು ಸರಿಯಿದ್ದವು. ಸುಟ್ಟದ್ದು ಟ್ರಾನ್ಸ್‌ಫಾರ್ಮರ್, ಅಂದರೆ ಸ್ಪೀಕರಿಗೆ ದನಿ ದಾಟಿಸುವ ತಂತಿಯ ಸುರುಳಿ. ಅಂಥದ್ದು ಎಲ್ಲೂ ಸಿಗುವುದಿಲ್ಲ, ಕೈಯಲ್ಲೇ ಸುತ್ತಬೇಕು. ಕೂದಲೆಳೆಯಂಥ ತಂತಿ, ಪದರಕ್ಕೊಂದು ಕಾಗದ, ಸಾವಿರಾರು ಸುತ್ತು. ಸುರುಳಿಯಲ್ಲಿ ಎರಡು ಅರ್ಧ ಇರುತ್ತವಂತೆ. ಎರಡೂ ಜೋಡೆತ್ತಿನ ಹಾಗೆ ಸಮ ಎಳೆಯಬೇಕು, ಇಲ್ಲದಿದ್ದರೆ ದನಿ ಕೆಡುತ್ತದೆ. ಇವರ ಬಲಗೈ ಸುತ್ತುವ ರಾಟೆಯ ಹಿಡಿ ತಿರುಗಿಸಲು, ಎಡಗೈ ತಂತಿ ನಡೆಸಲು, ಕಣ್ಣು ಪದರದ ಮೇಲೆ. ಎಣಿಸುವವರು ಯಾರು?

"ನಾನು ಎಣಿಸ್ತೀನಿ ಬಿಡು," ಅಂದರು ಅತ್ತೆ.

ನನಗೆ ನಗು ಬಂತು, ನುಂಗಿಕೊಂಡೆ. ಅದಕ್ಕೆ ಕಾರಣವಿತ್ತು. ಹೋದ ರಂಜಾನಿನಲ್ಲಿ ಅತ್ತೆ ಗಂಜಿಗೆ ಎರಡು ಸಲ ಉಪ್ಪು ಹಾಕಿದ್ದರು. ಉಪವಾಸ ಬಿಡಲು ಬಂದ ನೆಂಟರು ಒಂದೊಂದು ಗುಟುಕು ಕುಡಿದು ಸುಮ್ಮನೆ ನೀರಿಗೆ ಕೈ ಚಾಚಿದರು. ಮಾರನೆಯ ದಿನ ನಾನು ಉಪ್ಪಿನ ಜಾಡಿಯನ್ನು ಮೇಲಿನ ಗೂಡಿಗೆ ಏರಿಸಿದೆ. ಅತ್ತೆ ಕುಳ್ಳು, ಕೈಗೆ ಎಟುಕದು. ಉಪ್ಪಿನ ಹಿಂದೆ ಸಾರು ಹೋಯಿತು, ಸಾರಿನ ಹಿಂದೆ ಒಲೆ. ನಲವತ್ತು ವರ್ಷ ಆ ಮನೆಗೆ ಅನ್ನ ಹಾಕಿದ ಹೆಂಗಸು ಹಿತ್ತಲ ಕಟ್ಟೆಯ ಮೇಲೆ ಕೂತು ಬರೀ ದಾರಿ ನೋಡುವಂತಾಗಿತ್ತು. ಈಗ ಮಗ ಹೂಂ ಅಂದದ್ದೇ ತಡ, ಎದ್ದು ಹೋಗಿ ತಸ್ಬಿ ತಂದರು.

ತಸ್ಬಿ ಎಂದರೆ ನಮ್ಮ ಜಪಮಣಿ. ಒಂದೊಂದು ಸುತ್ತಿಗೆ ಒಂದೊಂದು ಮಣಿ, ದೊಡ್ಡ ಮಣಿ ಸೇರಿದರೆ ನೂರು. ಮಣಿ ಜಾರಿಸುವಾಗ ಅತ್ತೆ ತುಟಿಯಲ್ಲೇ ದೇವರ ಹೆಸರು ಹೇಳುತ್ತಿದ್ದರು. "ಪುಣ್ಯಾನೂ ಬಂತು, ನಿನ್ನ ಪೆಟ್ಟಿಗೇನೂ ಆಯ್ತು," ಎಂದು ಮಗನಿಗೆ ಹೇಳಿದರು. ಮಾಲೆ ಒಮ್ಮೆ ಮುಗಿದರೆ 'ನೂರು' ಎಂದು ಕೂಗುವುದು, ಇವರು ಗೋಡೆಗೆ ಸೀಮೆಸುಣ್ಣದ ಗೀಟು ಎಳೆಯುವುದು. ಎಣಿಸುವಾಗ ಮನೆಯಲ್ಲಿ ಯಾರೂ ಉಸಿರೆತ್ತಬಾರದು ಎಂದು ಅಪ್ಪಣೆಯಾಯಿತು. ನಾನೂ ಅತ್ತೆಯೂ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಇದ್ದದ್ದು ನೋಡಿ ಪಕ್ಕದ ಮನೆಯ ಹುಚ್ಚಮ್ಮ ಗಾಬರಿಯಾಗಿ, "ಯಾರಿಗಾದ್ರೂ ಹುಷಾರಿಲ್ವೇನ್ರಮ್ಮ?" ಎಂದು ಗೋಡೆ ಮೇಲಿಂದ ಕೇಳಿದಳು.

ಅತ್ತೆಯ ಬೆನ್ನು ನೆಟ್ಟಗಾಯಿತು. ಸಂಜೆ ಬೀದಿಯವರಿಗೆಲ್ಲ, "ಮಗನ ಜೊತೆ ಕೆಲ್ಸ, ಪುರುಸೊತ್ತಿಲ್ಲ," ಎಂದು ಹೇಳಿಕೊಂಡರು. ನನಗೆ ಅದನ್ನು ನೋಡಿ ಖುಷಿಯಾಯಿತು. ಆದರೂ ತೋರಿಸಿಕೊಳ್ಳಲಿಲ್ಲ, ಸೊಸೆಯಾದವಳಿಗೂ ಒಂದು ಮರ್ಯಾದೆ ಇರಬೇಕಲ್ಲ.

ಒಂದು ಮಧ್ಯಾಹ್ನ ಹೆಂಚು ಕಾದು ಮನೆಯೆಲ್ಲ ಧಗೆಯಾಗಿತ್ತು. ನಾನು ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ. ಹಿಡಿ ಕಿರ್ ಕಿರ್ ಎಂದು ತಿರುಗುತ್ತಲೇ ಇತ್ತು, ಅತ್ತೆಯ ಬೆರಳು ಮಾತ್ರ ನಿಂತಿತ್ತು. ಗಲ್ಲ ಎದೆಗೆ ತಾಗಿತ್ತು. ಇವರು ಅವರಿಗೆ ಬೆನ್ನು ಹಾಕಿ ಕೂತವರು, ತಂತಿ ಹಿಡಿದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳದವರು. ಸ್ವಲ್ಪ ಹೊತ್ತಿಗೆ ಅತ್ತೆ ಬೆಚ್ಚಿ ಎಚ್ಚತ್ತು, ಕೈಯಲ್ಲಿದ್ದ ಮಣಿಯನ್ನು ನೋಡಿದರು, ಮಗನ ಬೆನ್ನು ನೋಡಿದರು, ಮತ್ತೆ ಜಾರಿಸತೊಡಗಿದರು. ಆಮೇಲೆ 'ನೂರು' ಅಂದ ದನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು.

ಸುರುಳಿ ಮುಗಿದು ಪೆಟ್ಟಿಗೆಗೆ ಕೂರಿಸಿ ಸ್ವಿಚ್ ಹಾಕಿದಾಗ ವಾಲ್ವುಗಳು ಕೆಂಪಾದವು, ಸ್ಪೀಕರಿನಿಂದ 'ಗುಂಯ್' ಎಂದು ಜೇನು ಹುಟ್ಟಿನ ಸದ್ದು ಬಂತು. ಹಾಡು ಹಾಕಿದರೂ ಗುಂಯ್, ತೆಗೆದರೂ ಗುಂಯ್. ಇವರು ವಾಲ್ವು ಬದಲಿಸಿದರು, ಬೆಸುಗೆ ಬಿಚ್ಚಿ ಹಾಕಿದರು, ಊಟ ಬಿಟ್ಟರು. ಕೊನೆಗೆ ಸುರುಳಿ ಬಿಚ್ಚಿ, ತಾವೇ ಒಂದೊಂದೇ ಸುತ್ತು ಎಣಿಸಿ ನೋಡಿ ಅಡುಗೆಮನೆಗೆ ಬಂದರು.

"ಒಂದು ಕಡೆ ಜಾಸ್ತಿ ಆಗೈತೆ," ಎಂದು ನನಗೆ ಮೆಲ್ಲಗೆ ಹೇಳಿದರು. "ಅಮ್ಮೀಗೆ ವಯಸ್ಸಾಯ್ತು. ಈ ಸಲ ನೀನೇ ಕೂತ್ಕೋ."

ಹಿತ್ತಲ ಬಾಗಿಲು ತೆರೆದಿತ್ತು. ಕಟ್ಟೆಯ ಮೇಲೆ ಅತ್ತೆ ಬೆಂಡೆಕಾಯಿ ಒರೆಸುತ್ತಿದ್ದರು, ಕೈ ನಿಂತಿತು. ತಲೆ ಎತ್ತಲಿಲ್ಲ. ಅವರ ಹತ್ತಿರ ಇನ್ನು ಉಳಿದದ್ದು ಎಣಿಸುವುದೊಂದೇ ಕೆಲಸ. ಅದನ್ನೂ ನಾನೇ ಕಿತ್ತುಕೊಳ್ಳಬೇಕು. ಆ ಮುದುಕಿಯ ಮೇಲೆ ನನಗೆ ಇಷ್ಟು ಪ್ರೀತಿ ಇದೆ ಎಂದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ.

"ಅಮ್ಮೀದೇನೂ ತಪ್ಪಿಲ್ರೀ," ಎಂದು ಹಿತ್ತಲಿಗೂ ಕೇಳುವ ಹಾಗೆ ಹೇಳಿದೆ. "ಎಣಿಸ್ತಾ ಇದ್ದಾಗ ಅಕ್ಕಿ ಎಷ್ಟು ಹಾಕ್ಲಿ ಅಂತ ನಾನೇ ನಡುವೆ ಬಾಯಿ ಹಾಕ್ದೆ. ಲೆಕ್ಕ ತಪ್ಪಿದ್ದು ಅದಕ್ಕೇ."

ಆಹಾ, ಇವರ ಮುಖ ನೋಡಬೇಕಿತ್ತು! ಹುಟ್ಟಿದಾರಭ್ಯ ಸಿಟ್ಟೇ ಮಾಡದ ಮನುಷ್ಯ ಕಾಲು ನೆಲಕ್ಕೆ ಅಪ್ಪಳಿಸಿ ಅಂಗಡಿಗೆ ಹೋದರು. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ಅತ್ತೆ ಮಾತ್ರ ಮಾರನೆಯ ಬೆಳಿಗ್ಗೆ ತಸ್ಬಿ ಹಿಡಿದು ತಮ್ಮ ಜಾಗದಲ್ಲಿ ಹೋಗಿ ಕೂತರು.

ಸುಳ್ಳು ಹೇಳಿದ್ದೇನೋ ಆಯಿತು, ಇನ್ನೊಂದು ಸಲ ತಪ್ಪಿದರೆ ಪೆಟ್ಟಿಗೆ ಗುಜರಿಗೆ. ಅದಕ್ಕೆ ನಾನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಗುಟ್ಟಾಗಿ ಎಣಿಸತೊಡಗಿದೆ. ಹಿಡಿ ಒಂದು ಸಲ ಕಿರ್ ಅಂದರೆ ಒಂದು ಸುತ್ತು. ನೂರಾದರೆ ಬಟ್ಟಲಿಗೆ ಒಂದು ಹುಣಸೆ ಬೀಜ. ಸಾರು ಕುದಿಸುತ್ತಾ ಎಣಿಸಿದೆ, ಪಾತ್ರೆ ಬೆಳಗುತ್ತಾ ಎಣಿಸಿದೆ. ಕೆಲಸ ಮುಗಿದ ದಿನ ಗೋಡೆಯ ಗೀಟುಗಳಿಗೂ ನನ್ನ ಬೀಜಗಳಿಗೂ ತಾಳೆ ನೋಡಿದೆ. ಒಂದು ಬೀಜ ಕಡಿಮೆ! ಮತ್ತೆ ಎಣಿಸಿದೆ. ಆಗಲೂ ಒಂದು ಕಡಿಮೆ.

ಈ ಸಲ ಅತ್ತೆ ಅವಸರದಲ್ಲಿ ಮಣಿ ಹೆಚ್ಚು ಜಾರಿಸಿಬಿಟ್ಟರೇ? ಬಾಯಿ ಬಿಟ್ಟರೆ ಅವರ ಮಾನ ಹೋಗುತ್ತದೆ, ಬಿಡದಿದ್ದರೆ ಇವರ ಪೆಟ್ಟಿಗೆ ಹೋಗುತ್ತದೆ. ಅಷ್ಟರಲ್ಲಿ ಬಿರುಗಾಳಿಗೆ ಕಂಬ ಬಿದ್ದು ಶಿಕಾರಿಪುರಕ್ಕೆ ಕರೆಂಟೇ ಇಲ್ಲವಾಯಿತು. ಇವರಿಗೆ ತಡೆಯಲಾಗಲಿಲ್ಲ. ಸೊರಬದಲ್ಲಿ ಕರೆಂಟಿದೆ, ಸದಾಶಿವಪ್ಪನವರ ದೊಡ್ಡ ಸ್ಪೀಕರೂ ಅಲ್ಲೇ ಇದೆ, ಅಲ್ಲೇ ಹಚ್ಚಿ ನೋಡೋಣ ಎಂದರು. "ನಾನೂ ಬರ್ತೀನಿ. ಎಣಿಸಿದೋಳು ನಾನು, ಕೇಳ್ಬಾರ್ದೇನು?" ಎಂದು ಅತ್ತೆ ಬುರ್ಖಾ ಹಾಕಿಕೊಂಡು ಮೊದಲೇ ಹೊರಟು ನಿಂತರು.

ಇವರ ತೊಡೆಯ ಮೇಲೆ ಪೆಟ್ಟಿಗೆ. ನನ್ನ ತೊಡೆಯ ಮೇಲೆ ಬುಟ್ಟಿ ತುಂಬ ತೌಡು, ತೌಡಿನೊಳಗೆ ಮೊಟ್ಟೆಯ ಹಾಗೆ ಹುದುಗಿಸಿದ ನಾಲ್ಕು ವಾಲ್ವು. ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಬಸ್ಸು ಕುಲುಕಿದಾಗಲೆಲ್ಲ ನನಗೆ ಆ ಒಂದು ಬೀಜ ನೆನಪಾಗುತ್ತಿತ್ತು. ಅತ್ತೆ ಕಿಟಕಿಯ ಪಕ್ಕ ಕೂತು ಗದ್ದೆ ನೋಡುತ್ತಾ ಆರಾಮಾಗಿದ್ದರು.

ಸದಾಶಿವಪ್ಪನವರ ಪಡಸಾಲೆಯಲ್ಲಿ ಎಲ್ಲ ಜೋಡಿಸಿ ಇವರು ಸ್ವಿಚ್ ಹಾಕಿದರು. ವಾಲ್ವುಗಳು ನಿಧಾನವಾಗಿ ಕೆಂಪಾದವು. ನಾನು ಗುಂಯ್ ಬರುತ್ತದೆ, ಈಗ ಬರುತ್ತದೆ ಎಂದು ಸೆರಗು ಹಿಡಿದು ಕೂತೆ. ಬರಲೇ ಇಲ್ಲ. ಸದಾಶಿವಪ್ಪನವರು ಎದ್ದು ಸ್ಪೀಕರಿಗೆ ಕಿವಿ ಹಚ್ಚಿದರು.

"ಇದು ಆನ್ ಆಗಿದ್ಯೇನಾ ಕುತುಬು? ಉಸಿರೇ ಇಲ್ವಲ್ಲ!"

ಇವರು ಶಹನಾಯಿಯ ರೆಕಾರ್ಡ್ ಹಚ್ಚಿದರು. ಯಾರೋ ಪಡಸಾಲೆಗೆ ಬಂದು ನಮ್ಮೆದುರು ಕೂತು ಊದಿದ ಹಾಗೆ ಕೇಳಿಸಿತು. ಊದುವವನು ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ದನಿಗೆ ಮೈ ಇದೆ ಎಂದು ಇವರು ಹೇಳಿದ್ದು ನನಗೆ ಆಗ ಅರ್ಥವಾಯಿತು. ಸದಾಶಿವಪ್ಪನವರು ಕಣ್ಣು ಒರೆಸಿಕೊಂಡು, "ಒಯ್ಯಿ, ನಿಂದೇ ಇದು," ಅಂದರು. ಇವರು ನನ್ನ ಕಡೆ ತಿರುಗಿ ನಕ್ಕರು. ಅಂತೂ ಮಾತು ಬಿಟ್ಟದ್ದು ಮರೆತುಹೋಯಿತು.

ಪಕ್ಕದಲ್ಲಿ ಅತ್ತೆ ತಮ್ಮ ಸೆರಗಿನ ತುದಿಯ ಗಂಟನ್ನು ಬಿಚ್ಚುತ್ತಿದ್ದರು. ನನ್ನ ಅಂಗೈ ಎಳೆದು ಏನೋ ಇಟ್ಟು ಬೆರಳು ಮಡಚಿದರು. ತೆರೆದು ನೋಡಿದೆ. ಹುಣಸೆ ಬೀಜ.

"ನಿನ್ನ ನೂರು ತಗೋ," ಎಂದರು ನನಗೊಬ್ಬಳಿಗೆ ಕೇಳುವಂತೆ. "ಬಾಗಿಲ ಸಂದಿಂದ ಉರುಳಿ ನನ್ನ ಕಾಲ ಹತ್ರ ಬಂದಿತ್ತು."

"ಅಮ್ಮೀ, ನಾನು..."

"ಸುಮ್ನಿರು ಬೇಟಿ. ಆವತ್ತು ನಾನು ತೂಕಡಿಸಿದ್ದು ನಂಗೆ ಗೊತ್ತಿಲ್ವಾ? ನೀನು ಅಕ್ಕಿ ಕೇಳಿರ್ಲಿಲ್ಲ." ನನ್ನ ಮುಚ್ಚಿದ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಈ ಸಲ ನಿದ್ದೆ ಬರಬಾರ್ದು ಅಂತ ಊಟಾನೇ ಅರ್ಧ ಬಿಟ್ಟಿದ್ದೆ."

ಹೌದು, ಆ ದಿನಗಳಲ್ಲಿ ಅವರ ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ನನ್ನ ಅಡುಗೆ ಹಿಡಿಸಲಿಲ್ಲವೆಂದು ನಾನು ಮುಖ ಊದಿಸಿಕೊಂಡಿದ್ದೆ. ಶಹನಾಯಿ ಮುಗಿಯುವವರೆಗೂ ನಾನು ತಲೆ ಎತ್ತಲಿಲ್ಲ.

ಸಂಜೆ ಮನೆಗೆ ಬಂದವಳೇ ಗೂಡಿನಿಂದ ಉಪ್ಪಿನ ಜಾಡಿ ಇಳಿಸಿ ಒಲೆಯ ಪಕ್ಕ, ಅವರ ಕೈಗೆ ಸಿಗುವಲ್ಲಿ ಇಟ್ಟೆ. "ಅಮ್ಮೀ, ಸಾರಿಗೆ ಉಪ್ಪು ನೀವೇ ಹಾಕಿ," ಅಂದೆ. ಅತ್ತೆ ಜಾಡಿ ನೋಡಿದರು, ನನ್ನನ್ನು ನೋಡಿದರು, ಮುಚ್ಚಳ ತೆಗೆದರು. ಅಂಗಡಿಯಲ್ಲಿ ಇನ್ನೂ ಕರೆಂಟು ಬಂದಿರಲಿಲ್ಲ. ಇವರು ತಮ್ಮದಾದ ಪೆಟ್ಟಿಗೆಯನ್ನು ಕತ್ತಲಲ್ಲೇ ಬಟ್ಟೆಯಿಂದ ಒರೆಸುತ್ತಿದ್ದರು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸ್ವಲ್ಪ ಹೆಚ್ಚೇ ಆಗಿತ್ತು. ಇವರು ಬಾಯಿ ತೆರೆಯುವುದರೊಳಗೆ ನಾನು ತಟ್ಟೆ ಚಾಚಿ, ಅತ್ತೆಯ ಹತ್ತಿರ ಇನ್ನೊಂದು ಸೌಟು ಹಾಕಿಸಿಕೊಂಡೆ.