ನೆಟ್ ಇತ್ತು, ನಂಬರ್ ಇರಲಿಲ್ಲ

ಬಿ.ಜಿ. ಕೆರೆಯ ಮೂಗಮ್ಮ ದಿನಾ ಮಧ್ಯಾಹ್ನ ಎರಡು ಗಂಟೆಗೆ ಪಂಚಾಯಿತಿ ಗ್ರಂಥಾಲಯದ ಜಗಲಿಗೆ ಬಂದು ಕೂರುತ್ತಿದ್ದಳು. ಓದಲಿಕ್ಕಲ್ಲ. ಅಲ್ಲಿ ಪುಕ್ಕಟೆ ವೈಫೈ ಇತ್ತು. ಕುರಿ ಮೇಯಿಸಿಕೊಂಡು ಆಂಧ್ರದ ರಾಯದುರ್ಗದ ಕಡೆ ಹೋಗಿದ್ದ ಗಂಡ ಪಾಲಣ್ಣ ಆ ಹೊತ್ತಿಗೆ ನೆಟ್‌ನಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದ.

ಪಾಲಣ್ಣ ತನ್ನ ಮುಖ ತೋರಿಸುತ್ತಿದ್ದುದು ಕಮ್ಮಿ. ಫೋನನ್ನು ಕುರಿಗಳ ಕಡೆ ತಿರುಗಿಸಿ ಹಿಡಿಯುತ್ತಿದ್ದ. ಶೇಂಗಾ ಕಿತ್ತ ಹೊಲದಲ್ಲಿ ಕುರಿಗಳು ನಿಧಾನವಾಗಿ ಹರಿಯುತ್ತಿದ್ದವು, ಮೋಡದ ನೆರಳು ನೆಲದ ಮೇಲೆ ಸರಿದಂತೆ. ನೋಡುತ್ತಾ ನೋಡುತ್ತಾ ಮೂಗಮ್ಮನಿಗೆ ತಾನೂ ಮಂದೆಯ ಹಿಂದೆ ಬರಿಗಾಲಲ್ಲಿ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಕಾಲ್ ಮುಗಿದ ಮೇಲೂ ಕುರಿಗಂಟೆಯ ಸದ್ದು ಕಿವಿಯಲ್ಲಿ ಉಳಿಯುತ್ತಿತ್ತು. ಕಂಬಕ್ಕೆ ಒರಗಿದಲ್ಲೇ ಅವಳಿಗೆ ಜೊಂಪು ಹತ್ತುತ್ತಿತ್ತು.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಕಾಂಚನಾ ಒಂದು ದಿನ ಕೇಳಿದಳು.

"ಮೂಗಮ್ಮಕ್ಕ, ನಿನ್ ನಂಬರಿಗೆ ಕಾಲ್ ಹೋಗ್ತಾನೇ ಇಲ್ಲ. ರೀಚಾರ್ಜ್ ಮಾಡ್ಸಿಲ್ಲೇನು?"

"ಎರಡು ತಿಂಗ್ಳಾತು ಬಿಟ್ಟು. ಯಾಕ್ ಬೇಕವ್ವ? ನೆಟ್‌ನಾಗೆ ಮುಖಾನೇ ಕಾಣ್ತೈತೆ. ಬರೀ ಮಾತಿನ ಕಾಲ್ ಈಗ ಯಾರು ಮಾಡ್ತಾರೆ?"

"ನೆಟ್ ಸಿಗದ ಜಾಗದಾಗೆ ಇದ್ದೋರು ಮಾಡ್ತಾರಕ್ಕ."

"ನಮ್ಮೋರಿಗೆ ದಿನಾ ಸಿಗ್ತೈತಲ್ಲ," ಎಂದು ಮೂಗಮ್ಮ ನಕ್ಕಳು.

ಮುಂದಿನ ಮಂಗಳವಾರ ಕಾಲ್ ಬರಲಿಲ್ಲ. ಕುರಿ ದೂರ ಹೋಗಿರಬೇಕು ಅಂದುಕೊಂಡು ಮೂಗಮ್ಮ ಜಗಲಿಯಲ್ಲೇ ಕಣ್ಣು ಮುಚ್ಚಿದಳು. ಕನಸು ಬಿತ್ತು. ಪಾಲಣ್ಣ ಹೆಗಲ ಮೇಲೆ ಮರಿ ಹೊತ್ತು ಹಳ್ಳ ದಾಟುತ್ತಿದ್ದ. ನೀರು ತಿಳಿಯಾಗಿತ್ತು. ಅವಳು ಸಮಾಧಾನವಾಗಿ ಎದ್ದು ಮನೆಗೆ ಹೋದಳು, ಊಟ ಮಾಡಿ ಮಲಗಿದಳು.

ಬುಧವಾರ ಎರಡು ಗಂಟೆಗೆ ಫೋನು ರಿಂಗಾಯಿತು. ತೆರೆಯ ಮೇಲೆ ಕುರಿಗಳಿರಲಿಲ್ಲ, ಹೊಲವಿರಲಿಲ್ಲ. ಬಿಳಿ ಗೋಡೆ ಇತ್ತು. ಅದರ ಮುಂದೆ ಪಾಲಣ್ಣನ ಜೊತೆ ಕುರಿ ಮೇಯಿಸುವ ಪರಶುರಾಂಪುರದ ಈರೇಶ್ ನಿಂತಿದ್ದ.

"ಅಕ್ಕ, ಗಾಬರಿ ಆಗ್ಬ್ಯಾಡ. ಅಣ್ಣಂಗೆ ನಿನ್ನೆ ಹಾವು ಮುಟ್ಟೈತೆ. ರಾಯದುರ್ಗದ ಆಸ್ಪತ್ರೆಗೆ ಸೇರ್ಸೀವಿ. ಈಗ ಪರವಾಗಿಲ್ಲ. ರಾತ್ರಿಯೆಲ್ಲಾ ನಿನ್ನ ಕೇಳ್ತಿದ್ದ. ನಿನ್ನೆಯಿಂದ ಎಷ್ಟು ಸಲ ಮಾಡಿದೆ ಗೊತ್ತೇನು? ನಿನ್ ನಂಬರ್ ಹತ್ಲಿಲ್ಲ. ಅಣ್ಣನ ಫೋನಿನಾಗೆ ಊರಿಂದು ಅಂತ ಇದ್ದಿದ್ದು ನಿಂದೊಂದೇ."

ಕಾಂಚನಾ ಗ್ರಂಥಾಲಯದ ಬಾಗಿಲು ಹಾಕಿ, ಮೂಗಮ್ಮನ ಕೈ ಹಿಡಿದು ರಾಯದುರ್ಗದ ಬಸ್ಸು ಹತ್ತಿಸಿ, ತಾನೂ ಹತ್ತಿದಳು.

ಬಸ್ಸಿನ ಕಿಟಕಿಯಾಚೆ ಬಂಡೆಗುಡ್ಡಗಳು ಬಿಸಿಲಲ್ಲಿ ತೇಲಿದಂತೆ ಹಿಂದೆ ಸರಿಯುತ್ತಿದ್ದವು. ಮೂಗಮ್ಮ ಕೇಳಿದಳು.

"ಮೊದ್ಲೆಲ್ಲಾ ರೀಚಾರ್ಜ್ ಮಾಡ್ಸದಿದ್ರೂ ಕಾಲ್ ಬರ್ತಿತ್ತಲ್ಲ. ಈಗ್ಯಾಕೆ ಹಿಂಗೆ?"

"ಆಗ ನಾವಾಡೋ ಮಾತಿಗೆ ನಿಮಿಷಕ್ಕಿಷ್ಟು ಅಂತ ಕಂಪ್ನಿಗೆ ಬರ್ತಿತ್ತಕ್ಕ. ಈಗ ಎಲ್ರೂ ನೆಟ್‌ನಾಗೇ ಮಾತಾಡ್ತೀವಿ. ಮಾತಿನ ಗಳಿಕೆ ಇಳೀತು, ಟವರು ಮಾತ್ರ ಅವರೇ ನಡೆಸ್ಬೇಕು. ಅದ್ಕೇ ಇಷ್ಟು ದಿನಕ್ಕೊಂದು ಪ್ಯಾಕ್ ಅಂತ ಮಾಡ್ಕಂಡವ್ರೆ. ಪ್ಯಾಕ್ ಮುಗಿದು ಸ್ವಲ್ಪ ದಿನಕ್ಕೆ ನಮಗೆ ಬರೋ ಕಾಲೂ ನಿಲ್ತೈತೆ. ಇನ್ನೂ ಹಂಗೇ ಬಿಟ್ರೆ ನಂಬರೇ ಬೇರೆಯವ್ರ ಪಾಲು."

"ನೀ ಹೇಳಿದ್ರೂ ನಾ ಕಿವಿಗೆ ಹಾಕ್ಕಳ್ಳಿಲ್ಲ. ನೆಟ್ ನಡೀತಿತ್ತಲ್ಲ, ನಂಬರ್ ಸತ್ರೆ ಕಷ್ಟ ಅಂತ ಹೊಳೀಲೇ ಇಲ್ಲ."

"ಯಾರಿಗೂ ಹೊಳೆಯಲ್ಲಕ್ಕ. ಮೋಸ ಇರೋದೇ ಅಲ್ಲಿ."

ಆಸ್ಪತ್ರೆಯಲ್ಲಿ ಪಾಲಣ್ಣ ಕಾಲು ಊದಿಸಿಕೊಂಡು ಮಲಗಿದ್ದ. ಹೆಂಡತಿಯನ್ನು ಕಂಡು ಕಣ್ಣು ಒರೆಸಿಕೊಂಡ. ಮೂಗಮ್ಮ ಮಂಚದ ತುದಿಯಲ್ಲಿ ಕೂತು ಅವನ ಪಾದ ಮುಟ್ಟಿದಳು. ಅವನು ಮೆಲ್ಲಗೆ ಹೇಳತೊಡಗಿದ.

"ನಿನ್ನೆ ಮಧ್ಯಾಹ್ನ ಎರಡರ ಹೊತ್ತಿಗೆ ಹಾವು ಮುಟ್ಟಿದಾಗ ಈರೇಶ ಕುರಿಗೆ ನೀರು ಕುಡ್ಸಾಕೆ ಹೋಗಿದ್ದ. ಗುಡ್ಡದ ಮ್ಯಾಲೆ ನಾನೊಬ್ನೇ. ನಿಂಗೆ ನೆಟ್ ಕಾಲ್ ಒತ್ತಿದೆ. ಚಕ್ರ ತಿರುಗ್ತಾನೇ ಇತ್ತು. ಸಿಗ್ನಲ್ ಒಂದೇ ಗೆರೆ. ಆಮ್ಯಾಲೆ ಮಾಮೂಲಿ ಕಾಲ್ ಮಾಡಿದೆ. ಈ ನಂಬರಿಗೆ ಕರೆ ಹೋಗಲ್ಲ ಅಂತ ಹೇಳ್ತು. ಕಣ್ಣು ಮಂಜಾಗ್ತಿತ್ತು, ಮೂಗಿ. ನೀನು ಕೊಡ ಹೊತ್ಕಂಡು ಗುಡ್ಡ ಹತ್ತಿ ಬರ್ತಿದ್ದಂಗೆ ಕಂಡಿತು. ಕರೆದೆ. ನೀನು ತಿರುಗಿ ನೋಡ್ಲೇ ಇಲ್ಲ."

ಮೂಗಮ್ಮ ತಲೆ ತಗ್ಗಿಸಿದಳು. ಅದೇ ಹೊತ್ತಿನಲ್ಲಿ ತಾನು ಕಂಡ ತಿಳಿನೀರಿನ ಕನಸನ್ನು ಅವಳು ಯಾರಿಗೂ ಹೇಳಲಿಲ್ಲ.

"ಮತ್ತೆ ಹೆಂಗಣ್ಣ ಬದುಕಿದ್ದು?" ಕಾಂಚನಾ ಕೇಳಿದಳು.

"ತಳಕು ಊರಿನಾಗೆ ಪೊಲೀಸ್ ಜೀಪಿನ ಮ್ಯಾಲೆ ಒಂದು ಒಂದು ಎರಡು ಅಂತ ಬರೆದಿದ್ದು ಜ್ಞಾಪಕ ಆತು. ಒತ್ತಿದೆ. ಆ ಒಂದೇ ಗೆರೆನಾಗೆ ಹತ್ತಿತು. ತೆಲುಗಿನಾಗೆ ಕೇಳಿದ್ರು, ನಾನೂ ತೆಲುಗಿನಾಗೇ ಜಾಗ ಹೇಳ್ದೆ. ಕದಲದಂಗೆ ಕೂತ್ಕೋ, ಕಟ್ಟು ಕಟ್ಬ್ಯಾಡ, ಕುಯ್ಬ್ಯಾಡ ಅಂದ್ರು. ಗಾಡಿ ಬರೋವರ್ಗೂ ಹಂಗೇ ಕೂತಿದ್ದೆ."

"ಅದು ಮಾಮೂಲಿ ಕಾಲ್ ಆಗಿದ್ದಕ್ಕೆ ಹೋತು," ಎಂದಳು ಕಾಂಚನಾ. " ಆ ನಂಬರನ್ನ ನೆಟ್‌ನಾಗೆ ಮಾಡಾಕ್ ಬರಲ್ಲ. ಮಾತಿನ ಕಾಲಿಗೆ ತೆಳ್ಳನೆ ಸಿಗ್ನಲ್ ಆದ್ರೂ ಎಷ್ಟೋ ಸಲ ಸಾಕಾಗ್ತೈತೆ."

"ಹಂಗಂತ ನೆಟ್ ಕಾಲ್ ಬಿಡಾಕ್ ಆಗಲ್ಲ," ಎಂದ ಪಾಲಣ್ಣ. "ಆರು ತಿಂಗ್ಳು ಮನೆ ಬಿಟ್ಟಿರ್ತೀನಿ. ಇವಳ ಮುಖ ನೋಡೋದು ಅದ್ರಾಗೇ."

"ಯಾಕೆ ಬಿಡ್ತೀಯಣ್ಣ? ಮುಖ ನೋಡಾಕೆ ನೆಟ್ ಇರ್ಲಿ. ಕಷ್ಟಕ್ಕೆ ನಂಬರ್ ಇರ್ಲಿ."

ಮೂಗಮ್ಮ ತಲೆ ಎತ್ತಿದಳು. "ನೆಟ್ಟು ಗ್ರಂಥಾಲಯದಾಗೇ ಸಿಗ್ತೈತೆ. ಬರೀ ಮಾತಿಗೆ ಅಂತ ಪ್ಯಾಕ್ ಐತೇನು?"

"ಐತಕ್ಕ. ಅಂಗಡಿನಾಗೆ ನೀನೇ ಬಾಯಿಬಿಟ್ಟು ಕೇಳ್ಬೇಕು, ಅಷ್ಟೇ."

ಆ ಸಂಜೆ ಆಸ್ಪತ್ರೆಯ ಎದುರಿನ ಅಂಗಡಿಯಲ್ಲೇ ಮೂಗಮ್ಮ ಕೇಳಿ ರೀಚಾರ್ಜ್ ಮಾಡಿಸಿದಳು. ಪ್ಯಾಕ್ ಮುಗಿಯುವ ತಾರೀಕನ್ನು ಕಾಂಚನಾ ಒಂದು ಚೀಟಿಯಲ್ಲಿ ಬರೆದು ಅವಳ ಫೋನಿನ ಹಿಂದೆ ಅಂಟಿಸಿದಳು. ಪಾಲಣ್ಣನ ಫೋನಿಗೆ ಕಾಂಚನಾಳ ನಂಬರನ್ನೂ ಪಕ್ಕದ ಮನೆಯ ರಂಗಕ್ಕನ ನಂಬರನ್ನೂ ಸೇರಿಸಿದರು. ಆಮೇಲೆ ಪಾಲಣ್ಣ ಮಲಗಿದಲ್ಲಿಂದಲೇ ಹೆಂಡತಿಗೆ ಮಾಮೂಲಿ ಕಾಲ್ ಮಾಡಿದ. ಎರಡು ಮೊಳ ದೂರದಲ್ಲಿ ಕೂತಿದ್ದ ಮೂಗಮ್ಮ ಫೋನನ್ನು ಕಿವಿಗಿಟ್ಟುಕೊಂಡು, "ಹೇಳು, ಕೇಳ್ತೈತೆ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿನಲ್ಲಿ ನೆಟ್ ನಡೆಯುತ್ತಿದೆ ಎಂದ ಮಾತ್ರಕ್ಕೆ ನಂಬರ್ ಜೀವಂತ ಇದೆ ಎಂದು ತಿಳಿಯಬೇಡಿ. ಪ್ಯಾಕ್ ಮುಗಿಯುವ ದಿನ ಗೊತ್ತಿರಲಿ. ಮನೆಯವರ ಫೋನಿನಲ್ಲಿ ನಿಮ್ಮದಲ್ಲದೆ ಊರಿನ ಇನ್ನೂ ಇಬ್ಬರ ನಂಬರ್ ಇರಲಿ. ಅಪಾಯದಲ್ಲಿ ನೆಟ್ ಕಾಲಿಗಾಗಿ ಕಾಯದೆ, ಮಾಮೂಲಿ ಕಾಲಿನಲ್ಲಿ ೧೧೨ ಒತ್ತಿ. ಇದನ್ನು ಓದಿದ ಕೂಡಲೇ ಪಕ್ಕದಲ್ಲಿರುವವರಿಗೆ ಹೇಳಿ, ನಿಮ್ಮ ನಂಬರಿಗೆ ಒಂದು ಮಾಮೂಲಿ ಕಾಲ್ ಮಾಡಿಸಿ. ಫೋನು ರಿಂಗಾಗುತ್ತದೆಯೇ, ಈಗಲೇ ನೋಡಿಕೊಳ್ಳಿ.